‘ಅರಳುಮರಳು’ ಎಂಬಲ್ಲಿಗೆ ಮಾತು ಮುಗಿಯದಿರಲಿ: ಹಿರಿಯರ ಮಾನಸಿಕ ಆರೋಗ್ಯ ಜಾಗೃತಿಗೆ ಒಂದು ಮಾರ್ಗದರ್ಶಿ

ಅರವತ್ತಕ್ಕೆ ಅರಳುಮರಳು ಎಂಬ ಮಾತನ್ನು ನಾವೆಲ್ಲ ನಗುತ್ತಲೇ ಆಡುತ್ತೇವೆ. ಹೇಳಿಸಿಕೊಂಡ ಹಿರಿಯರು ಕೂಡ ಎಷ್ಟೋ ಸಲ ನಕ್ಕು ಸುಮ್ಮನಾಗುತ್ತಾರೆ. ಆ ನಗುವಿನೊಂದಿಗೆ ಒಂದು ವಿಚಾರಣೆಯೂ ಅಲ್ಲಿಗೇ ಮುಗಿದುಹೋಗುತ್ತದೆ. ನಿದ್ದೆ ಏಕೆ ಬರುತ್ತಿಲ್ಲ, ಊಟ ಏಕೆ ಸೇರುತ್ತಿಲ್ಲ, ಮೊನ್ನೆಯವರೆಗೆ ಇಷ್ಟಪಟ್ಟು ಮಾಡುತ್ತಿದ್ದ ಕೆಲಸವನ್ನು ಏಕೆ ಕೈಬಿಟ್ಟರು ಎಂದು ಕೇಳಬೇಕಾದ ಪ್ರಶ್ನೆಗಳೆಲ್ಲ ‘ವಯಸ್ಸಾಯಿತಲ್ಲ, ಇನ್ನೇನು’ ಎಂಬ ಒಂದೇ ಉತ್ತರದಡಿ ಮುಚ್ಚಿಹೋಗುತ್ತವೆ. ಆ ಉತ್ತರಕ್ಕೆ ತೃಪ್ತರಾಗದೆ ಮುಂದಿನ ಪ್ರಶ್ನೆಯನ್ನೂ ಕೇಳುವ ಅಭ್ಯಾಸವನ್ನು ಮನೆಮಂದಿಯಲ್ಲಿ, ನೆರೆಹೊರೆಯವರಲ್ಲಿ ಮತ್ತು ಹಿರಿಯರಲ್ಲೇ ಬೆಳೆಸುವುದನ್ನು ನಾನು ಜಾಗೃತಿ ಎಂದು ಕರೆಯುತ್ತೇನೆ. ಮಾನಸಿಕ ಕಾಯಿಲೆಗಳ ಪಟ್ಟಿಯನ್ನು ಓದಿ ಹೇಳುವುದರಿಂದ ಈ ಅಭ್ಯಾಸ ಬರುವುದಿಲ್ಲ.

ಸಮಸ್ಯೆಯ ಗಾತ್ರ ಸಣ್ಣದಲ್ಲ. 70 ವರ್ಷ ದಾಟಿದವರಲ್ಲಿ ಸುಮಾರು ಶೇ. 14ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯೊಂದಿಗೆ ಬದುಕುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅದೇ ಸಂಸ್ಥೆಯ ಪ್ರಕಾರ 2030ರ ವೇಳೆಗೆ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು 60 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರಾಗಿರುತ್ತಾರೆ. ಆದ್ದರಿಂದ ಈ ಮಾರ್ಗದರ್ಶಿ ವೈದ್ಯರಿಗಾಗಿ ಬರೆದುದಲ್ಲ. ನಿವೃತ್ತರ ಬಳಗ, ಗ್ರಂಥಾಲಯ, ವಸತಿ ಸಮುಚ್ಚಯದ ಸಮಿತಿ, ಯುವಕರ ಸಂಘ ಅಥವಾ ಆಸಕ್ತರಾದ ನಾಲ್ಕೈದು ಮಂದಿ ತಮ್ಮ ಸುತ್ತಲಿನವರಿಗಾಗಿ ಇಂಥ ಕೆಲಸ ಆರಂಭಿಸಲು ಬಯಸಿದರೆ ಎಲ್ಲಿಂದ ಹೊರಡಬೇಕು, ಎಲ್ಲಿ ಎಡವುವ ಸಾಧ್ಯತೆಯಿದೆ ಎಂಬುದನ್ನು ತಿಳಿಸಲು ಬರೆದುದು.

ಮೊದಲ ಹೆಜ್ಜೆ: ಹೇಳುವವರು ಮೊದಲು ತಿಳಿದುಕೊಳ್ಳುವುದು

ಸಂಘಟಕರು ಮನೋವೈದ್ಯರಾಗಬೇಕಿಲ್ಲ, ಆದರೆ ಮೂರು ಸ್ಥಿತಿಗಳ ನಡುವಿನ ವ್ಯತ್ಯಾಸ ಅವರಿಗೆ ಗೊತ್ತಿರಲೇಬೇಕು. ಖಿನ್ನತೆ, ಮರೆವಿನ ಕಾಯಿಲೆ ಎಂದು ಕರೆಯುವ ಡಿಮೆನ್ಷಿಯಾ ಮತ್ತು ಹಳೆಯ ತಲೆಮಾರಿನವರು ‘ಸನ್ನಿ’ ಎನ್ನುತ್ತಿದ್ದ ದಿಢೀರ್ ಗೊಂದಲ, ಇವು ಮೂರೂ ಹೊರನೋಟಕ್ಕೆ ಒಂದೇ ರೀತಿ ಕಾಣಬಹುದು. ‘ಅರಳುಮರಳು’ ಎಂಬ ಪದ ಮೂರನ್ನೂ ಒಂದೇ ಗೋಣಿಚೀಲಕ್ಕೆ ತುಂಬಿಬಿಡುತ್ತದೆ. ಇವುಗಳಿಗೆ ಬೇಕಾದ ಕ್ರಮಗಳು ಮಾತ್ರ ಸಂಪೂರ್ಣ ಬೇರೆ ಬೇರೆ.

ಖಿನ್ನತೆಗೆ ಒಳಗಾದ ಹಿರಿಯರು ‘ನನಗೆ ದುಃಖವಾಗಿದೆ’ ಎಂದು ಹೇಳುವುದು ಕಡಿಮೆ. ಅವರ ದೂರು ಹೆಚ್ಚಾಗಿ ದೇಹದ ಭಾಷೆಯಲ್ಲಿರುತ್ತದೆ: ಮೈಕೈ ನೋವು, ಸುಸ್ತು, ಎದೆ ಭಾರ, ಹೊಟ್ಟೆಯ ತೊಂದರೆ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು. ನನಗೆ ಪರಿಚಯವಿದ್ದ ಒಬ್ಬ ನಿವೃತ್ತ ಶಿಕ್ಷಕರ ಮನೆಗೆ ಹೋದಾಗ ಅವರು ಎಂದಿನಂತೆ ನಗುಮುಖದಿಂದಲೇ ಬರಮಾಡಿಕೊಂಡರು. ಗಮನಕ್ಕೆ ಬಂದದ್ದು ಟೀಪಾಯಿ. ಅದರ ಮೇಲೆ ಎರಡು ಮೂರು ವಾರಗಳ ಪತ್ರಿಕೆಗಳು ಮಡಿಕೆಯನ್ನೂ ಬಿಚ್ಚದೆ ಒಂದರ ಮೇಲೊಂದು ಕುಳಿತಿದ್ದವು, ಪದಬಂಧ ತುಂಬಲು ಸದಾ ಅಲ್ಲೇ ಇರುತ್ತಿದ್ದ ಪೆನ್ಸಿಲ್ ಕಾಣೆಯಾಗಿತ್ತು. ಕೇಳಿದರೆ ‘ಕಣ್ಣು ಮಂಜು’ ಎಂದರು. ಕನ್ನಡಕ ಹೊಸದು. ಹಿಂದೆ ಸಂತೋಷ ಕೊಡುತ್ತಿದ್ದ ಸಂಗತಿಗಳಲ್ಲಿ ಆಸಕ್ತಿ ಹೋಗಿರುವುದು ಅಥವಾ ಮನಸ್ಸು ಕುಗ್ಗಿರುವುದು ಎರಡು ವಾರಗಳಿಗಿಂತ ಹೆಚ್ಚು ಕಾಲ, ದಿನದ ಬಹುಭಾಗ ಇದ್ದರೆ ವೈದ್ಯರನ್ನು ಕಾಣಬೇಕು ಎಂಬ ಒಂದು ಸೂತ್ರವನ್ನು ಎಲ್ಲರ ನೆನಪಿನಲ್ಲಿ ಉಳಿಸಲು ಸಾಧ್ಯವಾದರೂ ಕಾರ್ಯಕ್ರಮ ಸಾರ್ಥಕ.

ಮರೆವಿನ ಕಾಯಿಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 5.7 ಕೋಟಿ ಜನರಿಗೆ ಇದಿತ್ತು. ಇದರಲ್ಲಿ ಶೇ. 60ರಿಂದ 70ರಷ್ಟು ಪ್ರಕರಣಗಳಿಗೆ ಕಾರಣವಾಗಿರಬಹುದಾದದ್ದು ಆಲ್‌ಝೈಮರ್ ಕಾಯಿಲೆ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಯಾರಿಗಾದರೂ ಆಗುವಂಥದ್ದು. ದಿನನಿತ್ಯದ ಲೆಕ್ಕಾಚಾರ ತಪ್ಪುವುದು, ಪರಿಚಿತ ದಾರಿಯಲ್ಲೇ ದಿಕ್ಕು ತಪ್ಪುವುದು, ಕೇಳಿದ್ದನ್ನೇ ಹತ್ತು ನಿಮಿಷದೊಳಗೆ ಮತ್ತೆ ಮತ್ತೆ ಕೇಳುವುದು ತಪಾಸಣೆ ಮಾಡಿಸಬೇಕಾದ ಬದಲಾವಣೆ. ಖಿನ್ನತೆಯಲ್ಲೂ ಮರೆವು ಬರುತ್ತದೆ ಎಂಬುದು ಇಲ್ಲಿನ ತೊಡಕು. ಖಿನ್ನತೆಯಿರುವವರು ತಮ್ಮ ಮರೆವಿನ ಬಗ್ಗೆ ತಾವೇ ನೊಂದು ಹೇಳಿಕೊಳ್ಳುವುದು ಹೆಚ್ಚು, ಮರೆವಿನ ಕಾಯಿಲೆಯಿರುವವರು ಅದನ್ನು ಗಮನಿಸದಿರುವುದು ಅಥವಾ ಮುಚ್ಚಿಕೊಳ್ಳಲು ಯತ್ನಿಸುವುದು ಹೆಚ್ಚು. ಹಾಗೆಂದು ಇದನ್ನೇ ಅಳತೆಗೋಲಾಗಿಸಿಕೊಂಡು ಮನೆಯಲ್ಲಿ ತೀರ್ಪು ಕೊಡುವಂತಿಲ್ಲ. ಎರಡೂ ಒಬ್ಬರಲ್ಲೇ ಇರಬಹುದು, ಥೈರಾಯ್ಡ್ ಗ್ರಂಥಿಯ ಏರುಪೇರು ಮತ್ತು ಬಿ12 ಜೀವಸತ್ವದ ಕೊರತೆಯೂ ಇದೇ ವೇಷದಲ್ಲಿ ಬರಬಹುದು. ರಕ್ತಪರೀಕ್ಷೆಯಿಂದ ತಿಳಿದು ಔಷಧದಿಂದ ಸರಿಪಡಿಸಬಹುದಾದ ತೊಂದರೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ವರ್ಷಗಟ್ಟಲೆ ಬಿಟ್ಟುಬಿಡುವುದು ನನಗೆ ಅತ್ಯಂತ ಬೇಸರದ ಸಂಗತಿಯಾಗಿ ತೋರುತ್ತದೆ.

ದಿಢೀರ್ ಗೊಂದಲ ಇವೆರಡಕ್ಕಿಂತ ತುರ್ತಿನದು. ನಿನ್ನೆಯವರೆಗೆ ಸರಿಯಾಗಿದ್ದವರು ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಏನೇನೋ ಮಾತಾಡತೊಡಗಿದರೆ, ಇಲ್ಲದ ಮನುಷ್ಯರನ್ನು ಕಂಡರೆ, ಒಮ್ಮೆ ಸರಿಯಾಗಿದ್ದು ರಾತ್ರಿಯಾದಂತೆ ಹೆಚ್ಚಾದರೆ ಅಥವಾ ಎಂದೂ ಇಲ್ಲದ ಮಂಪರಿನಲ್ಲಿ ಮೌನವಾಗಿ ಬಿದ್ದುಕೊಂಡರೆ, ಅದರ ಹಿಂದೆ ಸಾಮಾನ್ಯವಾಗಿ ಒಂದು ದೈಹಿಕ ಕಾರಣವಿರುತ್ತದೆ: ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ನಿರ್ಜಲೀಕರಣ, ಹೊಸದಾಗಿ ಆರಂಭಿಸಿದ ಔಷಧ, ಶಸ್ತ್ರಚಿಕಿತ್ಸೆಯ ನಂತರದ ಸ್ಥಿತಿ. ಇಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಮಂಪರಿನ ಬಗೆಯನ್ನು ಒತ್ತಿ ಹೇಳಿ, ಏಕೆಂದರೆ ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ, ಸುಮ್ಮನೆ ಮಲಗಿದವರನ್ನು ‘ನಿದ್ದೆ ಮಾಡಲಿ ಬಿಡಿ’ ಎಂದುಬಿಡುತ್ತಾರೆ.

ಚಿಕಿತ್ಸೆಯ ಬಗ್ಗೆಯೂ ಸ್ವಲ್ಪ ಗೊತ್ತಿರಬೇಕು. ಖಿನ್ನತೆಗೆ ಮಾತಿನ ಚಿಕಿತ್ಸೆ ಮತ್ತು ಔಷಧ ಎರಡೂ ಇಳಿವಯಸ್ಸಿನಲ್ಲಿಯೂ ಫಲ ಕೊಡುತ್ತವೆ. ಖಿನ್ನತೆಯ ಮಾತ್ರೆಗಳು ನುಂಗಿದ ಮರುದಿನವೇ ಕೆಲಸ ಮಾಡುವುದಿಲ್ಲ, ವಾರಗಳೇ ಬೇಕಾಗುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ಜನ ಎರಡನೆಯ ವಾರಕ್ಕೆ ‘ಪ್ರಯೋಜನವಿಲ್ಲ’ ಎಂದು ನಿಲ್ಲಿಸುತ್ತಾರೆ. ಇನ್ನೊಬ್ಬರಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ತಾವೂ ತೆಗೆದುಕೊಳ್ಳುವ ಅಭ್ಯಾಸವೂ ವ್ಯಾಪಕವಾಗಿದೆ. ಹಲವು ಬಗೆಯ ನಿದ್ದೆ ಮಾತ್ರೆಗಳು ಹಿರಿಯರಲ್ಲಿ ಗೊಂದಲವನ್ನೂ ಬೀಳುವ ಅಪಾಯವನ್ನೂ ಹೆಚ್ಚಿಸುತ್ತವೆ.

ಎರಡನೆಯ ಹೆಜ್ಜೆ: ಮಾತಾಡುವ ಮೊದಲು ಕೇಳಿಸಿಕೊಳ್ಳುವುದು

ಕರಪತ್ರ ಮುದ್ರಿಸುವ ಮೊದಲು ಎರಡು ವಾರ ಸುಮ್ಮನೆ ಕೇಳಿಸಿಕೊಳ್ಳಲು ಮೀಸಲಿಡಿ. ಹತ್ತು ಹದಿನೈದು ಹಿರಿಯರೊಡನೆ, ಅವರನ್ನು ನೋಡಿಕೊಳ್ಳುವ ಐದಾರು ಮಂದಿಯೊಡನೆ, ಒಬ್ಬ ಔಷಧ ಅಂಗಡಿಯವರೊಡನೆ ಮಾತಾಡಿ. ‘ನಿಮಗೆ ಖಿನ್ನತೆಯಿದೆಯೇ’ ಎಂದು ಕೇಳಬೇಡಿ. ‘ಈಚೆಗೆ ದಿನ ಹೇಗೆ ಕಳೆಯುತ್ತದೆ’, ‘ರಾತ್ರಿ ಹೇಗಿರುತ್ತದೆ’ ಎಂದು ಕೇಳಿ, ಉತ್ತರ ಯಾವ ಪದಗಳಲ್ಲಿ ಬರುತ್ತದೆಯೋ ಅದೇ ಪದಗಳಲ್ಲಿ ಬರೆದುಕೊಳ್ಳಿ. ‘ಯಾಕೋ ಬೇಜಾರು’, ‘ಮನಸ್ಸಿಗೆ ನೆಮ್ಮದಿಯಿಲ್ಲ’, ‘ಯಾವುದೂ ರುಚಿಸುವುದಿಲ್ಲ’, ‘ಯಾರಿಗೂ ಭಾರವಾಗಬಾರದು’ ಎಂಬ ಮಾತುಗಳು ಸಿಗುತ್ತವೆ. ‘ಖಿನ್ನತೆ’ ಎಂಬ ಪದ ಪತ್ರಿಕೆಯ ಪದ, ಬಾಯಿಮಾತಿನದಲ್ಲ. ‘ಮಾನಸಿಕ’ ಎಂಬುದಂತೂ ಅನೇಕರ ಕಿವಿಗೆ ‘ಹುಚ್ಚು’ ಎಂದೇ ಬೀಳುತ್ತದೆ.

ಪದದ ಆಯ್ಕೆ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಜಿಂಬಾಬ್ವೆಯ ‘ಗೆಳೆತನದ ಬೆಂಚು’ ಯೋಜನೆ ಒಳ್ಳೆಯ ನಿದರ್ಶನ. ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು 2006ರಲ್ಲಿ ರಾಜಧಾನಿ ಹರಾರೆಯಲ್ಲಿ 14 ಮಂದಿ ಅಜ್ಜಿಯರೊಂದಿಗೆ ಇದನ್ನು ಆರಂಭಿಸಿದರು. ತರಬೇತಿ ಪಡೆದ ಅಜ್ಜಿಯರು ಆರೋಗ್ಯ ಕೇಂದ್ರದ ಹೊರಗಿನ ಮರದ ಬೆಂಚಿನ ಮೇಲೆ ಕುಳಿತು, ಬಂದವರ ಸಮಸ್ಯೆಯನ್ನು ಕೇಳಿ, ಅದನ್ನು ಬಿಡಿಸುವ ದಾರಿಯನ್ನು ಅವರಿಂದಲೇ ಹೊರಡಿಸುತ್ತಾರೆ. ಅಲ್ಲಿ ‘ಡಿಪ್ರೆಶನ್’ ಎಂಬ ಪದದ ಬದಲು ಶೋನಾ ಭಾಷೆಯ ‘ಕುಫುಂಗಿಸಿಸ’ ಎಂಬ ಪದ ಬಳಕೆಯಲ್ಲಿದೆ. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ‘ನನಗೆ ಯೋಚನೆ ಜಾಸ್ತಿಯಾಗಿದೆ’ ಎಂದು ಹೇಳಿಕೊಳ್ಳಲು ಯಾರಿಗೂ ನಾಚಿಕೆಯಾಗುವುದಿಲ್ಲ. ಈ ವಿಧಾನದ ಪ್ರಯೋಜನವನ್ನು ತೋರಿಸಿದ ಅಧ್ಯಯನ 2016ರಲ್ಲಿ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹಿರಿಯರನ್ನು ನೆರವು ಪಡೆಯುವವರೆಂದಷ್ಟೇ ನೋಡದೆ ನೆರವು ಕೊಡುವವರ ಜಾಗದಲ್ಲಿ ಕೂರಿಸಿದ್ದು ಅದರಿಂದ ಕಲಿಯಬೇಕಾದ ಇನ್ನೊಂದು ಪಾಠ.

ಮೂರನೆಯ ಹೆಜ್ಜೆ: ಯಾರಿಗೆ, ಏನನ್ನು

‘ಸಾರ್ವಜನಿಕರಿಗಾಗಿ’ ಎಂದು ಕರೆದ ಸಭೆಗೆ ಸಾರ್ವಜನಿಕರು ಬರುವುದಿಲ್ಲ. ಒಂದು ಸಲಕ್ಕೆ ಒಂದೇ ಗುಂಪನ್ನು ಆರಿಸಿಕೊಳ್ಳಿ: ಹಿರಿಯರು, ಅಥವಾ ಅವರ ಆರೈಕೆ ಮಾಡುವವರು, ಅಥವಾ ದಿನನಿತ್ಯ ಹಿರಿಯರ ಸಂಪರ್ಕಕ್ಕೆ ಬರುವ ಅಂಚೆಯವರು, ಬ್ಯಾಂಕ್ ಸಿಬ್ಬಂದಿ, ಕಾವಲುಗಾರರು, ಕ್ಷೌರಿಕರು. ಮೂರನೆಯ ಗುಂಪನ್ನು ಬಹಳ ಮಂದಿ ಮರೆಯುತ್ತಾರೆ. ಮಗ ವಿದೇಶದಲ್ಲಿರಬಹುದು, ಮಗಳು ವಾರಕ್ಕೊಮ್ಮೆ ಫೋನ್ ಮಾಡಬಹುದು, ಆದರೆ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಅಜ್ಜ ಎರಡು ತಿಂಗಳಿಂದ ಬಂದಿಲ್ಲವೆಂಬುದು ಕ್ಷೌರಿಕರಿಗೆ ಮೊದಲು ಗೊತ್ತಾಗುತ್ತದೆ.

ಆಮೇಲೆ ಆ ಗುಂಪಿಗೆ ಹೇಳಬೇಕಾದ್ದನ್ನು ಮೂರು ವಾಕ್ಯಗಳಿಗೆ ಇಳಿಸಿ. ಹಿರಿಯರ ಗುಂಪಿಗೆ ನಾವು ಬಳಸುವ ಮೂರು ವಾಕ್ಯಗಳು ಇವು: ವಯಸ್ಸಾದದ್ದು ಬೇಜಾರಿಗೆ ಕಾರಣವಲ್ಲ. ಎರಡು ವಾರ ದಾಟಿದರೆ ವೈದ್ಯರಿಗೆ ಹೇಳಿ, ದೇಹದ ನೋವಿನ ಜತೆಗೆ ಮನಸ್ಸಿನದನ್ನೂ ಹೇಳಿ. ಗುಣವಾದವರು ನಮ್ಮ ನಡುವೆಯೇ ಇದ್ದಾರೆ. ಮಿಕ್ಕಿದ್ದೆಲ್ಲ ಇವುಗಳ ವಿವರಣೆ. ಮೆದುಳಿನ ಚಿತ್ರ, ರಾಸಾಯನಿಕಗಳ ಹೆಸರು, ಕಾಯಿಲೆಗಳ ವರ್ಗೀಕರಣ ಇವನ್ನೆಲ್ಲ ಬಿಟ್ಟುಬಿಡಬಹುದು.

ವಿಯೋಗದ ದುಃಖವನ್ನು ಕಾಯಿಲೆ ಎಂದು ಕರೆಯದಂತೆ ಎಚ್ಚರವಹಿಸಿ. ಐವತ್ತು ವರ್ಷ ಜತೆಗಿದ್ದ ಸಂಗಾತಿಯನ್ನು ಕಳೆದುಕೊಂಡವರು ತಿಂಗಳುಗಟ್ಟಲೆ ಅಳುವುದು ಸಹಜ. ದುಃಖ ಅಲೆಯಂತೆ ಬಂದು ಹೋಗುತ್ತದೆ, ನಡುವೆ ಹಳೆಯ ನೆನಪಿಗೆ ನಗುವೂ ಬರುತ್ತದೆ. ಎಲ್ಲದರಲ್ಲೂ ರುಚಿ ಹೋಗಿ, ತಾನು ನಿಷ್ಪ್ರಯೋಜಕ ಎಂಬ ಭಾವ ಬಿಡದೆ ಕಾಡತೊಡಗಿದಾಗ ಮಾತು ಬೇರೆ.

ನಾಲ್ಕನೆಯ ಹೆಜ್ಜೆ: ವೇದಿಕೆಯಲ್ಲಿ ಯಾರು ಕೂರಬೇಕು

ಕಳಂಕವನ್ನು ಕಡಿಮೆ ಮಾಡುವ ವಿಷಯದಲ್ಲಿ ವಯಸ್ಕರ ಮೇಲೆ ಉಪನ್ಯಾಸಕ್ಕಿಂತ ಹೆಚ್ಚು ಪರಿಣಾಮ ಬೀರುವುದು ನೇರ ಭೇಟಿ, ಅಂದರೆ ಆ ತೊಂದರೆಯನ್ನು ಅನುಭವಿಸಿ ಹೊರಬಂದವರು ಎದುರು ಕುಳಿತು ತಮ್ಮ ಮಾತಿನಲ್ಲಿ ಹೇಳುವುದು. ಸಂಶೋಧನೆಗಳು ಇದನ್ನೇ ಹೇಳುತ್ತವೆ, ನಮ್ಮ ಅನುಭವವೂ ಅದೇ. ವೈದ್ಯರಿಗೆ ಹದಿನೈದು ನಿಮಿಷ ಸಾಕು. ಅನುಭವ ಹಂಚಿಕೊಳ್ಳುವ ಹಿರಿಯರಿಗೆ ಅಷ್ಟೇ ಸಮಯ ಕೊಡಿ, ಪ್ರಶ್ನೋತ್ತರಕ್ಕೆ ಅದರ ಎರಡರಷ್ಟು.

ಹಾಗೆ ಮಾತಾಡಲು ಒಪ್ಪಿದವರನ್ನು ರಕ್ಷಿಸುವ ಹೊಣೆ ಸಂಘಟಕರದು. ಅವರು ಈಗ ಸ್ಥಿರವಾಗಿದ್ದಾರೆಯೇ, ಮನೆಯವರಿಗೆ ಇದು ಗೊತ್ತಿದೆಯೇ, ಯಾವುದನ್ನು ಹೇಳುವುದಿಲ್ಲ ಎಂದು ಮೊದಲೇ ನಿರ್ಧರಿಸಿಕೊಂಡಿದ್ದಾರೆಯೇ ಎಂದು ಕೇಳಿ. ಕೊನೆಯ ಗಳಿಗೆಯಲ್ಲಿ ‘ಬೇಡ’ ಎಂದರೆ ಒಂದೂ ಮಾತಾಡದೆ ಒಪ್ಪಿಕೊಳ್ಳಿ. ವಿಡಿಯೊ ಮಾಡಿ ಎಲ್ಲೆಡೆ ಹಂಚುವ ಉತ್ಸಾಹ ನಿಮ್ಮ ತಂಡದ ಯಾರಿಗೋ ಬಂದೇ ಬರುತ್ತದೆ. ಲಿಖಿತ ಒಪ್ಪಿಗೆಯಿಲ್ಲದೆ ಅದಕ್ಕೆ ಅವಕಾಶ ಕೊಡಬೇಡಿ. ಸಭೆಯ ಮರುದಿನ ಅವರಿಗೆ ಫೋನ್ ಮಾಡುವುದನ್ನು ಮಾತ್ರ ಮರೆಯಲೇಬಾರದು.

ಐದನೆಯ ಹೆಜ್ಜೆ: ಸ್ಥಳ, ಸಮಯ, ಸದ್ದು, ಅಕ್ಷರ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ನಮ್ಮ ಮೊದಲ ಕಾರ್ಯಕ್ರಮವನ್ನು ಸಂಜೆ ಆರೂವರೆಗೆ ಇಟ್ಟಿದ್ದೆವು, ಉದ್ಯೋಗದಲ್ಲಿರುವ ನಮಗೆ ಅದು ಅನುಕೂಲವೆಂಬ ಒಂದೇ ಕಾರಣಕ್ಕೆ. ಕತ್ತಲಾದ ಮೇಲೆ ಮೆಟ್ಟಿಲಿಳಿಯಲು ಹೆದರುವವರು ಏಳು ಗಂಟೆಗೇ ಎದ್ದರು. ಸಭಾಂಗಣ ಮೊದಲ ಮಹಡಿಯಲ್ಲಿತ್ತು, ಶೌಚಾಲಯ ನೆಲಮಾಳಿಗೆಯಲ್ಲಿ. ಎತ್ತರದ ಮಾಡಿನ ಆ ಕೋಣೆಯಲ್ಲಿ ಧ್ವನಿವರ್ಧಕದ ಸದ್ದು ಪ್ರತಿಧ್ವನಿಸಿ, ಶ್ರವಣ ಸಾಧನ ಹಾಕಿಕೊಂಡವರಿಗೆ ಗದ್ದಲವಷ್ಟೇ ಕೇಳಿಸಿತು. ಪರದೆಯ ಮೇಲಿನ ಅಕ್ಷರಗಳನ್ನು ಎರಡನೆಯ ಸಾಲಿನಲ್ಲಿ ಕುಳಿತ ನನಗೇ ಓದಲಾಗಲಿಲ್ಲ. ಎಲ್ಲ ಮುಗಿದು ಕುರ್ಚಿಗಳನ್ನು ಜೋಡಿಸುತ್ತಿದ್ದಾಗ, ಕೊನೆಯ ಸಾಲಿನಲ್ಲಿ ಒಂದು ಮಾತೂ ಆಡದೆ ಕುಳಿತಿದ್ದ ಹಿರಿಯರೊಬ್ಬರು ಬಳಿಗೆ ಬಂದು, ತಮ್ಮ ಕರಪತ್ರವನ್ನು ನಾಲ್ಕಾಗಿ ಮಡಿಸಿ ಜೇಬಿಗಿಡುತ್ತ, ‘ನನ್ನ ಸ್ನೇಹಿತನೊಬ್ಬನಿಗೆ ನಿದ್ದೆ ಬರುವುದಿಲ್ಲವಂತೆ, ಅವನು ಯಾರಲ್ಲಿಗೆ ಹೋಗಬೇಕು’ ಎಂದು ಕೇಳಿದರು. ದೀಪ ಆರಿಸಲು ಕಾಯುತ್ತಿದ್ದ ಕಟ್ಟಡದ ಸಿಬ್ಬಂದಿ ಬೀಗದ ಕೈ ಅಲ್ಲಾಡಿಸಿದರು, ಹಿರಿಯರು ‘ಇರಲಿ ಬಿಡಿ’ ಎಂದು ಹೊರಟುಹೋದರು.

ಅಂದಿನಿಂದ ನಾವು ಪಾಲಿಸುತ್ತಿರುವ ಕ್ರಮ ಹೀಗಿದೆ. ಸಭೆ ಬೆಳಗ್ಗೆ ಹತ್ತೂವರೆಗೆ, ಒಂದೂಕಾಲು ಗಂಟೆ ಮೀರದಂತೆ, ನಡುವೆ ಒಂದು ವಿರಾಮದೊಂದಿಗೆ. ಸ್ಥಳ ನೆಲಮಹಡಿಯಲ್ಲಿ, ಶೌಚಾಲಯ ಹತ್ತಿರದಲ್ಲಿ. ಕೈಗಳಿರುವ ಕುರ್ಚಿಗಳೇ ಬೇಕು, ಏಕೆಂದರೆ ಮೊಣಕಾಲು ನೋವಿನವರು ಅವುಗಳನ್ನು ಊರಿಯೇ ಏಳಬೇಕು. ಕುರ್ಚಿಗಳನ್ನು ಸಾಲಾಗಿ ಇಡದೆ ಅರ್ಧವೃತ್ತದಲ್ಲಿಟ್ಟರೆ ಮಾತಾಡುವವರ ತುಟಿಯೂ ಕಾಣುತ್ತದೆ, ಕಿವಿ ಮಂದವಿರುವವರಿಗೆ ಅದು ಅರ್ಧ ಸಹಾಯ. ಶ್ರವಣದೋಷವನ್ನು ನಿರ್ಲಕ್ಷಿಸುವುದು ಒಂಟಿತನಕ್ಕೆ ದಾರಿ ಮಾಡುತ್ತದೆ. ಅದು ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ, ಆದರೆ ನಾವು ಸರಿಪಡಿಸಿಕೊಳ್ಳಬಹುದಾದ ಅಂಶಗಳಲ್ಲಿ ಒಂದೆಂದೂ ಗುರುತಿಸಲಾಗಿದೆ. ಕರಪತ್ರದ ಅಕ್ಷರ 16 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ, ಬಿಳಿಯ ಮೇಲೆ ಕಪ್ಪು ಶಾಯಿ ಇರಲಿ, ಮಿರುಗುವ ಕಾಗದ ಬೇಡ. ಕೊನೆಯದಾಗಿ, ಸಭೆ ಮುಗಿದ ಮೇಲೆ ಅರ್ಧ ಗಂಟೆ ಬಾಗಿಲು ತೆರೆದಿರಬೇಕು. ನಿಜವಾದ ಪ್ರಶ್ನೆಗಳು ಬರುವುದು ಆಗ, ಹೆಚ್ಚಾಗಿ ‘ಸ್ನೇಹಿತನ’ ಹೆಸರಿನಲ್ಲಿ.

ಆಮಂತ್ರಣದ ಶೀರ್ಷಿಕೆಯೂ ಮುಖ್ಯ. ‘ಮಾನಸಿಕ ಆರೋಗ್ಯ ಶಿಬಿರ’ ಎಂದು ಬರೆದರೆ ಬರುವವರು ಯಾರೆಂದು ನೋಡಲು ಮಾತ್ರ ಜನ ಬಂದಾರು. ‘ನಿದ್ದೆ, ನೆನಪು, ನೆಮ್ಮದಿ’ ಎಂದು ಬರೆದಾಗ ನಮ್ಮಲ್ಲಿ ಕುರ್ಚಿಗಳು ಸಾಲದೆ ಹೋದವು. ಇದು ಮೋಸವಲ್ಲ, ಆ ಮೂರೂ ವಿಷಯಗಳನ್ನು ನಾವು ನಿಜವಾಗಿಯೂ ಮಾತಾಡುತ್ತೇವೆ.

ಆರನೆಯ ಹೆಜ್ಜೆ: ಕಠಿಣ ಮಾತನ್ನು ಆಡುವ ಬಗೆ

ಜಗತ್ತಿನ ಆತ್ಮಹತ್ಯೆಗಳಲ್ಲಿ ಸುಮಾರು ಕಾಲು ಭಾಗ 60 ದಾಟಿದವರದು. ಈ ವಿಷಯವನ್ನು ಬಿಟ್ಟು ಹಿರಿಯರ ಮನಸ್ಸಿನ ಬಗ್ಗೆ ಮಾತಾಡಿದರೆ ಅದು ಅರ್ಧ ಮಾತು. ತಪ್ಪಾಗಿ ಮಾತಾಡಿದರೆ ಅಪಾಯ. ವಿಧಾನವನ್ನು ಎಂದೂ ವಿವರಿಸಬೇಡಿ, ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ, ‘ಮಕ್ಕಳು ನೋಡಿಕೊಳ್ಳಲಿಲ್ಲ, ಅದಕ್ಕೇ ಹೀಗಾಯಿತು’ ಎಂಬಂಥ ಕಥೆಗಳಿಗೆ ವೇದಿಕೆ ಕೊಡಬೇಡಿ. ಅಂಥ ಕಥೆ ಕೇಳುವವರನ್ನು ಅಳಿಸುತ್ತದೆ ನಿಜ, ಆದರೆ ಅದೇ ಸ್ಥಿತಿಯಲ್ಲಿರುವ ಹಿರಿಯರಿಗೆ ಅದು ಮುಂದಿನ ದಾರಿಯಂತೆ ಕಾಣಬಹುದು. ಆ ಗಳಿಗೆಯನ್ನು ದಾಟಿ ಬದುಕಿದವರ ಮಾತು, ಆ ಹೊತ್ತಿನಲ್ಲಿ ಯಾರು ಏನು ಮಾಡಿದ್ದರಿಂದ ಉಪಯೋಗವಾಯಿತು ಎಂಬ ವಿವರ ಮುಂದೆ ಬರಲಿ.

‘ಸಾಯುವ ಯೋಚನೆ ಬರುತ್ತದೆಯೇ’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹುತೇಕ ಎಲ್ಲರಲ್ಲೂ ಇದೆ. ಇದು ನಿಜವಲ್ಲವೆಂದು ಅಧ್ಯಯನಗಳು ತೋರಿಸಿವೆ. ಕೇಳಿಸಿಕೊಂಡವರಿಗೆ ಹೆಚ್ಚಾಗಿ ಭಾರ ಇಳಿಸಿದಂತಾಗುತ್ತದೆ. ಹಿರಿಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ‘ದೇವರು ಇನ್ನೂ ಏಕೆ ಕರೆಸಿಕೊಂಡಿಲ್ಲವೋ’, ‘ಸಾಕಾಗಿದೆ’ ಎಂಬ ಮಾತುಗಳನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ ಅವು ಮಾತಿನ ರೂಢಿಯೇ ಆಗಿಹೋಗಿವೆ. ಮಾತು ಹಳೆಯದಾಗಿದ್ದು ನಡವಳಿಕೆ ಹೊಸದಾಗಿದ್ದರೆ, ಅಂದರೆ ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ಮಾತ್ರೆಗಳನ್ನು ಕೂಡಿಡುತ್ತಿದ್ದರೆ, ಊಟ ಅಥವಾ ಅಗತ್ಯ ಔಷಧವನ್ನು ಬೇಕೆಂದೇ ಬಿಟ್ಟರೆ, ಕೂಡಲೇ ಪಕ್ಕದಲ್ಲಿ ಕುಳಿತು ಕೇಳಬೇಕು. ಉತ್ತರ ‘ಹೌದು’ ಎಂದಾದರೆ ಅವರನ್ನು ಒಬ್ಬರನ್ನೇ ಬಿಡದೆ, ಅಪಾಯಕಾರಿ ವಸ್ತುಗಳನ್ನು ದೂರವಿಟ್ಟು, ಅಂದೇ ವೈದ್ಯಕೀಯ ನೆರವು ಪಡೆಯಬೇಕು.

ಸಭೆಯಲ್ಲಿ ಯಾರಾದರೂ ಮಾತಿನ ನಡುವೆ ಅಳತೊಡಗಬಹುದು. ತಂಡದ ಒಬ್ಬರನ್ನು ಇದಕ್ಕೆಂದೇ ನೇಮಿಸಿ, ಪಕ್ಕದಲ್ಲಿ ಒಂದು ಶಾಂತ ಕೋಣೆಯನ್ನು ಇರಿಸಿಕೊಳ್ಳಿ. ‘ಅಳಬೇಡಿ’ ಎನ್ನುವ ಅವಸರ ಬೇಡ. ‘ಧೈರ್ಯವಾಗಿರಿ’, ‘ನಿಮಗೇನು ಕಡಿಮೆಯಾಗಿದೆ’, ‘ನಾಲ್ಕು ಜನರ ಜತೆ ಬೆರೆಯಿರಿ’ ಎಂಬ ಮೂರು ಉಪದೇಶಗಳನ್ನು ನಿಮ್ಮ ಸ್ವಯಂಸೇವಕರ ಬಾಯಿಂದ ಬಿಡಿಸಲು ತರಬೇತಿಯ ಅರ್ಧ ಸಮಯ ಬೇಕಾಗುತ್ತದೆ ಎಂಬುದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಹಿರಿಯರ ಮೇಲಿನ ದೌರ್ಜನ್ಯದ ಸುಳಿವೂ ಇಂಥ ಮಾತುಗಳ ನಡುವೆ ಬರಬಹುದು. ಹಣದ ವಂಚನೆ, ಬೈಗುಳ, ಉಪೇಕ್ಷೆ ಎಲ್ಲವೂ ಮನಸ್ಸನ್ನು ಕುಗ್ಗಿಸುತ್ತವೆ. ತುಂಬಿದ ಸಭೆಯಲ್ಲಿ ವಿಚಾರಿಸದೆ, ಪ್ರತ್ಯೇಕವಾಗಿ ಕೇಳಿ, ಅವರ ಒಪ್ಪಿಗೆಯೊಂದಿಗೆ ಮಾತ್ರ ಮುಂದುವರಿಯಿರಿ.

ಏಳನೆಯ ಹೆಜ್ಜೆ: ಮರುದಿನ ಬೆಳಗ್ಗೆ ಎಲ್ಲಿಗೆ ಹೋಗಬೇಕು

ಸಭೆಗೆ ಬಂದವರು ‘ಹೌದು, ನನಗೆ ಇದೇ ಆಗಿದೆ’ ಎಂದುಕೊಂಡು ಮನೆಗೆ ಹೋಗಿ, ಮುಂದೇನು ಎಂದು ತಿಳಿಯದೆ ಕುಳಿತರೆ ಅವರ ಸಂಕಟವನ್ನು ನಾವು ಹೆಚ್ಚಿಸಿದಂತಾಯಿತು. ಆದ್ದರಿಂದ ದಿನಾಂಕ ನಿಗದಿಪಡಿಸುವ ಮೊದಲೇ ಹತ್ತಿರದ ಸೌಲಭ್ಯಗಳಿಗೆ ಸ್ವತಃ ಹೋಗಿ ಬನ್ನಿ. ಮನೋವೈದ್ಯರು ಯಾವ ದಿನ ಸಿಗುತ್ತಾರೆ, ಮೊದಲೇ ಹೆಸರು ನೋಂದಾಯಿಸಬೇಕೇ, ಎಷ್ಟು ಹೊತ್ತು ಕಾಯಬೇಕು, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ, ಮನೆಗೆ ಬರುವ ಆಪ್ತಸಮಾಲೋಚಕರು ಇದ್ದಾರೆಯೇ ಎಂದು ವಿಚಾರಿಸಿ. ಸಹಾಯವಾಣಿಯ ಸಂಖ್ಯೆಯನ್ನು ಮುದ್ರಿಸುವ ಮುನ್ನ ಆ ಸಂಖ್ಯೆಗೆ ಹಗಲು ಒಮ್ಮೆ, ರಾತ್ರಿ ಒಮ್ಮೆ ಕರೆ ಮಾಡಿ ನೋಡಿ. ಮುದ್ರಿಸಿದ ಮೇಲೆ ಅದು ಬದಲಾಗಿದೆಯೆಂದು ತಿಳಿದು ಎಲ್ಲ ಕರಪತ್ರಗಳ ಮೇಲೆ ಚೀಟಿ ಅಂಟಿಸುತ್ತ ಕುಳಿತವರು ನಾವು.

ಮೊದಲ ಬಾಗಿಲು ಮನೋವೈದ್ಯರೇ ಆಗಬೇಕಿಲ್ಲ. ಬಹುಪಾಲು ಹಿರಿಯರು ರಕ್ತದೊತ್ತಡಕ್ಕೋ ಮಧುಮೇಹಕ್ಕೋ ಒಬ್ಬ ವೈದ್ಯರನ್ನು ನಿಯಮಿತವಾಗಿ ಕಾಣುತ್ತಿರುತ್ತಾರೆ. ಅವರಲ್ಲೇ ಮಾತು ಆರಂಭಿಸುವುದು ಸುಲಭ. ಅದಕ್ಕಾಗಿ ಕರಪತ್ರದ ಹಿಂಬದಿಯಲ್ಲಿ ತುಂಬಬಹುದಾದ ನಾಲ್ಕು ಖಾಲಿ ಸಾಲುಗಳನ್ನು ಕೊಡಿ: ಏನು ಬದಲಾಗಿದೆ, ಎಂದಿನಿಂದ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಮದ್ಯಪಾನ ಇದ್ದರೆ ಎಷ್ಟು. ವೈದ್ಯರ ಎದುರು ಕುಳಿತ ಐದು ನಿಮಿಷದಲ್ಲಿ ಬಾಯಿ ಬಿಡದವರು ಈ ಚೀಟಿಯನ್ನು ಮುಂದೆ ಚಾಚಬಲ್ಲರು.

ಹಿರಿಯರಿಗಾಗಿಯೇ ರೂಪಿಸಿದ ಖಿನ್ನತೆಯ ಪ್ರಶ್ನಾವಳಿಗಳಿವೆ. 1980ರ ದಶಕದಲ್ಲಿ ಸಿದ್ಧವಾದ 30 ಪ್ರಶ್ನೆಗಳ ಒಂದು ಪ್ರಶ್ನಾವಳಿ ಮತ್ತು ಅದರ 15 ಪ್ರಶ್ನೆಗಳ ಕಿರುರೂಪ ಇಂದಿಗೂ ವ್ಯಾಪಕ ಬಳಕೆಯಲ್ಲಿವೆ. ಹೌದು, ಇಲ್ಲ ಎಂದಷ್ಟೇ ಉತ್ತರಿಸಿದರೆ ಸಾಕು. ಸಭೆಯಲ್ಲಿ ಇದನ್ನು ಎಲ್ಲರಿಗೂ ಹಂಚಿ ಅಂಕ ಕೊಡುವ ಆಸೆ ಹುಟ್ಟುವುದು ಸಹಜವಾದರೂ ಅದಕ್ಕೆ ಮಣಿಯಬೇಡಿ. ಅಂಕ ರೋಗನಿರ್ಣಯವಲ್ಲ, ಪಕ್ಕದ ಕುರ್ಚಿಯವರು ಇಣುಕಿ ನೋಡುತ್ತಿರುವಾಗ ಯಾರೂ ನಿಜ ಬರೆಯುವುದೂ ಇಲ್ಲ.

ಎಂಟನೆಯ ಹೆಜ್ಜೆ: ಬಾರದವರ ಬಳಿಗೆ

ಸಭೆಗೆ ಬರುವ ಶಕ್ತಿಯಿರುವವರಿಗಿಂತ ಬಾರದವರಿಗೆ ಈ ಮಾಹಿತಿಯ ಅಗತ್ಯ ಹೆಚ್ಚು. ಹಾಸಿಗೆ ಹಿಡಿದವರು, ಸಂಗಾತಿಯ ಶುಶ್ರೂಷೆಗೆ ಕಟ್ಟುಬಿದ್ದವರು, ಕರೆಯುವವರಿಲ್ಲದೆ ಒಂಟಿಯಾದವರು ಯಾವ ಅರ್ಧವೃತ್ತದಲ್ಲೂ ಕೂರುವುದಿಲ್ಲ. ಅವರನ್ನು ತಲುಪಲು ರೇಡಿಯೊ ಇಂದಿಗೂ ಉತ್ತಮ ಸಾಧನ. ಮೂರು ನಿಮಿಷ ಮೀರದ ಧ್ವನಿಮುದ್ರಿಕೆಗಳನ್ನು ಮಾಡಿ ಮೊಬೈಲಿನಲ್ಲಿ ಕಳುಹಿಸಬಹುದು. ಓದಲು ಕಷ್ಟಪಡುವವರೂ ಕೇಳುತ್ತಾರೆ. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ನಿಗದಿತ ಭೇಟಿ. ಒಬ್ಬ ಸ್ವಯಂಸೇವಕರು ಇಬ್ಬರು ಹಿರಿಯರನ್ನು ಮಾತ್ರ ವಹಿಸಿಕೊಂಡು, ವಾರದ ಅದೇ ದಿನ ಅದೇ ಹೊತ್ತಿಗೆ ಹೋಗಲಿ ಅಥವಾ ಕರೆ ಮಾಡಲಿ. ಹತ್ತು ಮನೆ ವಹಿಸಿಕೊಂಡ ಉತ್ಸಾಹಿಗಳು ಮೂರನೆಯ ವಾರಕ್ಕೆ ನಿಂತುಬಿಡುತ್ತಾರೆ. ಬರುತ್ತೇನೆಂದವರು ಬಾರದೆ ಹೋಗುವುದು ಒಂಟಿಯಾಗಿರುವವರಿಗೆ ಇನ್ನೊಂದು ಪೆಟ್ಟು.

ಆರೈಕೆ ಮಾಡುವವರನ್ನೂ ಇಲ್ಲಿ ಸೇರಿಸಿಕೊಳ್ಳಿ. ಮರೆವಿನ ಕಾಯಿಲೆಯಿರುವವರನ್ನು ನೋಡಿಕೊಳ್ಳುತ್ತಿರುವ ಎಪ್ಪತ್ತರ ಹೆಂಡತಿ ಅಥವಾ ಗಂಡ ತಾವೇ ಖಿನ್ನತೆಯ ಅಂಚಿನಲ್ಲಿರುತ್ತಾರೆ. ಅವರಿಗೆ ಮಾಹಿತಿಗಿಂತ ಮೊದಲು ಎರಡು ಗಂಟೆಯ ಬಿಡುವು ಬೇಕು. ಸ್ವಯಂಸೇವಕರು ಅಷ್ಟು ಹೊತ್ತು ಮನೆಯಲ್ಲಿ ಕುಳಿತರೆ ಅದು ಯಾವ ಕರಪತ್ರಕ್ಕೂ ಕಡಿಮೆಯಲ್ಲ.

ಒಂಬತ್ತನೆಯ ಹೆಜ್ಜೆ: ದಿನಾಂಕ ಮತ್ತು ಲೆಕ್ಕ

ಸೆಪ್ಟೆಂಬರ್ 10 ಆತ್ಮಹತ್ಯೆ ತಡೆ ದಿನ, ಸೆಪ್ಟೆಂಬರ್ 21 ಆಲ್‌ಝೈಮರ್ ದಿನ, ಅಕ್ಟೋಬರ್ 1 ವಿಶ್ವಸಂಸ್ಥೆಯ ಹಿರಿಯರ ದಿನ, ಅಕ್ಟೋಬರ್ 10 ಮಾನಸಿಕ ಆರೋಗ್ಯ ದಿನ. ಒಂದೇ ತಿಂಗಳೊಳಗೆ ಬರುವ ಈ ನಾಲ್ಕು ದಿನಗಳಲ್ಲಿ ಪತ್ರಿಕೆಗಳೂ ವೈದ್ಯರೂ ಸುಲಭವಾಗಿ ಸಿಗುತ್ತಾರೆ, ಹಾಗಾಗಿ ಆರಂಭಕ್ಕೆ ಇದು ಅನುಕೂಲ. ಆದರೆ ಅಕ್ಟೋಬರ್ 11ರಂದು ಏನು ಮಾಡುತ್ತೀರಿ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ವರ್ಷಕ್ಕೊಂದು ದೊಡ್ಡ ಸಮಾವೇಶಕ್ಕಿಂತ ಎರಡು ತಿಂಗಳಿಗೊಂದು ಇಪ್ಪತ್ತು ಜನರ ಕೂಟ ಮೇಲು.

ಎಷ್ಟು ಜನ ಬಂದರು, ಎಷ್ಟು ಕರಪತ್ರ ಹಂಚಿದೆವು ಎಂಬ ಲೆಕ್ಕ ವರದಿಗೆ ಬೇಕಾದರೆ ಇರಲಿ. ತಿಳಿಯಬೇಕಾದ್ದು ಬೇರೆ. ಸಭೆಯ ದಿನ ಒಪ್ಪಿಗೆ ಕೊಟ್ಟವರಿಗೆ ಆರು ವಾರಗಳ ನಂತರ ಕರೆ ಮಾಡಿ, ‘ಅಂದಿನ ಮೇಲೆ ಯಾರೊಡನೆಯಾದರೂ ಈ ಬಗ್ಗೆ ಮಾತಾಡಿದಿರಾ, ವೈದ್ಯರಿಗೆ ಹೇಳಿದಿರಾ, ಹೇಳಿದ ಮೇಲೆ ಏನಾಯಿತು’ ಎಂದು ಕೇಳಿ. ‘ಹೋಗಿದ್ದೆ, ವೈದ್ಯರು ವಯಸ್ಸಾಯಿತಲ್ಲ ಎಂದರು’ ಎಂಬ ಉತ್ತರವೂ ಬರುತ್ತದೆ. ಅದನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ, ಮುಂದಿನ ಕೂಟಕ್ಕೆ ಆ ವೈದ್ಯರನ್ನೂ ಆಹ್ವಾನಿಸಿ.